ಚಾಕಿ ಕೋಣೆಗೆ ಬಿಸಿಲಿನ ಕರೆಂಟ್

ಡಿಸೆಂಬರ್ ತಿಂಗಳಲ್ಲಿ ಮೇಲೂರಿನ ನಮ್ಮ ಮನೆಯಲ್ಲಿ ನಲವತ್ತೊಂದು ಸಲ ಕರೆಂಟ್ ಹೋಯಿತು. ಇಪ್ಪತ್ತಾರು ಸಲ ಹತ್ತು ನಿಮಿಷದೊಳಗೆ ವಾಪಸ್ ಬಂತು, ಹನ್ನೊಂದು ಸಲ ಗಂಟೆಯೊಳಗೆ. ಉಳಿದ ನಾಲ್ಕು ಸಲ ಗಂಟೆ ದಾಟಿತು. ಎಲ್ಲಕ್ಕಿಂತ ಉದ್ದದ್ದು ಇಪ್ಪತ್ತಮೂರನೇ ತಾರೀಕಿನದು. ಬೆಳಿಗ್ಗೆ ಒಂಬತ್ತು ಐವತ್ತಕ್ಕೆ ಹೋದದ್ದು ಮಧ್ಯಾಹ್ನ ಒಂದಕ್ಕೆ ಬಂತು. ನಾನು ಚಿಕ್ಕಬಳ್ಳಾಪುರದ ಒಂದು ಲ್ಯಾಬಿನಲ್ಲಿ ರಕ್ತದ ಮಾದರಿಗಳಿಗೆ ನಂಬರ್ ಹಾಕುವ ಕೆಲಸದಲ್ಲಿದ್ದೇನೆ. ಹಗಲು ಮನೆಯಲ್ಲಿರುವುದಿಲ್ಲ. ಹಾಗಾಗಿ ಅಮ್ಮ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಹೋದ ಹೊತ್ತು, ಬಂದ ಹೊತ್ತು ಬರೆದಿಡುತ್ತಿದ್ದಳು. ಸಂಜೆ ಬಂದು ನಾನು ಅದನ್ನು ಡೈರಿಗೆ ಇಳಿಸಿಕೊಂಡು ಬಾಗಿಲು ಒರೆಸುತ್ತಿದ್ದೆ.

ಈ ಲೆಕ್ಕ ಶುರುವಾದದ್ದು ಅಮ್ಮನ ಚಾಕಿ ಕೋಣೆಯಿಂದ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ರೇಷ್ಮೆ ಮರಿಗಳನ್ನು ಎರಡನೇ ಜ್ವರ ಏಳುವ ತನಕ, ಅಂದರೆ ಸುಮಾರು ಎಂಟು ದಿನ, ಸಾಕಿ ರೈತರಿಗೆ ಕೊಡುವುದಕ್ಕೆ ಚಾಕಿ ಎನ್ನುತ್ತಾರೆ. ಹುಳ ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚುವ ಹೊತ್ತಿಗೆ ನಮ್ಮ ಕಡೆ ಜ್ವರ ಎಂದು ಹೆಸರು. ಮರಿಗಳಿರುವ ಕೋಣೆ ಬೆಚ್ಚಗಿರಬೇಕು, ತೇವವಾಗಿರಬೇಕು. ಮಂಜು ಬಿಡುವ ಯಂತ್ರವೊಂದು ಹಗಲೂ ರಾತ್ರಿ ಓಡಬೇಕು. ಅಮ್ಮ ಹನ್ನೊಂದು ವರ್ಷದಿಂದ ಒಂಬತ್ತು ಮನೆಗಳಿಗೆ ಚಾಕಿ ಮಾಡಿಕೊಡುತ್ತಿದ್ದಳು. ಅಕ್ಟೋಬರಿನ ಬ್ಯಾಚಿನಲ್ಲಿ ಎರಡು ದಿನ ಸತತವಾಗಿ ಕರೆಂಟ್ ಕೈಕೊಟ್ಟಿತು. ಯಂತ್ರ ನಿಂತಿತು, ಸೊಪ್ಪು ಒಣಗಿತು, ಅರ್ಧ ಮರಿ ಒಂದು ದಿನ ತಡವಾಗಿ ಜ್ವರಕ್ಕೆ ಹೋದವು. ಒಂದೇ ತಟ್ಟೆಯಲ್ಲಿ ಸಣ್ಣದು ದೊಡ್ಡದು ಎಲ್ಲ ಸೇರಿಕೊಂಡಿತ್ತು. ತಗೊಂಡು ಹೋದವರಲ್ಲಿ ಮೂರು ಮನೆಯವರು ಮುಂದಿನ ಸಲ ಶಿಡ್ಲಘಟ್ಟ ರಸ್ತೆಯ ದೊಡ್ಡ ಚಾಕಿ ಕೇಂದ್ರಕ್ಕೆ ಹೋಗುತ್ತೇವೆ ಎಂದು ನಯವಾಗಿ ಹೇಳಿದರು.

ಅವರು ಹೋದಮೇಲೆ ಅಮ್ಮ ತಟ್ಟೆ ತೊಳೆಯುತ್ತಾ ನನಗೆ ಹೇಳಿದಳು. "ಇನ್ನೊಂದು ಸಲ ಹಿಂಗಾದ್ರೆ ರೂಮಿಗೆ ಬೀಗ ಹಾಕ್ತೀನಿ ಕಣೇ. ಬೇರೆಯವ್ರ ಬೆಳೆ ಹಾಳು ಮಾಡಿ ಬದುಕೋಕಾಗಲ್ಲ."

ಬೇಸಿಗೆಯಲ್ಲಿ ಕರೆಂಟ್ ಇನ್ನೂ ಹೆಚ್ಚು ಹೋಗುತ್ತದೆ. ಬೇಸಿಗೆಯ ಮೊದಲ ಬ್ಯಾಚಿನ ಮೊಟ್ಟೆ ಫೆಬ್ರವರಿ ಇಪ್ಪತ್ತೆಂಟಕ್ಕೆ ಬರುವುದೆಂದು, ರೇಷ್ಮೆ ಮೊಟ್ಟೆ ಮಾರುವ ಬಿತ್ತನೆ ಕೋಠಿಯಲ್ಲಿ ಬರೆಸಿಯಾಗಿತ್ತು. ಅಷ್ಟರೊಳಗೆ ಮನೆಗೆ ಸೋಲಾರ್ ಹಾಕಿಸುವುದು ಎಂದು ಜನವರಿ ಐದರಂದು ಅಪ್ಪ, ಅಮ್ಮ, ನಾನು ಮೂವರೂ ಕೂತು ತೀರ್ಮಾನಿಸಿದೆವು. ಯಾವುದು ಎಂದು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಶಿಡ್ಲಘಟ್ಟದ ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುವ ಅಪ್ಪ, "ನಿನಗೆ ಬರೆಯೋ ಚಟ ಹೆಂಗೂ ಐತಲ್ಲಮ್ಮ, ಒಂದು ಕೆಲಸಕ್ಕಾದ್ರೂ ಬರ್ಲಿ" ಅಂದರು. ಅಂದು ಹೊಸ ನೋಟ್‌ಬುಕ್ ಒಂದಕ್ಕೆ ರಟ್ಟು ಹಾಕಿ ಮೊದಲ ಪುಟದಲ್ಲಿ "ಉಳಿದ ದಿನ: ೫೪" ಎಂದು ಬರೆದೆ. ನನಗೆ ಪರೀಕ್ಷೆಯ ಫಲಿತಾಂಶದ ದಿನವೂ ಅಷ್ಟು ಹುರುಪು ಬಂದಿರಲಿಲ್ಲ.

ಮೊದಲು ಮಾಡಿದ್ದು ಮನೆಯ ಪ್ರತಿಯೊಂದು ಯಂತ್ರದ ಬೆನ್ನಿಗೆ ಅಂಟಿಸಿದ ಚೀಟಿ ಓದುವುದು. ಟಾರ್ಚ್ ಹಿಡಿದು ಫ್ರಿಜ್‌ನ ಹಿಂದೆ ತೂರಿದೆ, ಮಿಕ್ಸಿ ತಲೆಕೆಳಗು ಮಾಡಿದೆ, ಮಂಜು ಯಂತ್ರ, ಹೀಟರ್, ಚಿಕ್ಕ ಫ್ಯಾನು, ನಾಲ್ಕು ಬಲ್ಬುಗಳ ವ್ಯಾಟ್ ಬರೆದುಕೊಂಡೆ. ಕರೆಂಟ್ ಹೋದಾಗ ಯಾವುದು ಓಡಬೇಕು ಎಂದು ಕೇಳಿದರೆ ಅಪ್ಪ ಟಿವಿ ಅಂದರು. ಅಮ್ಮ ಚಾಕಿ ಕೋಣೆಯ ನಾಲ್ಕು ವಸ್ತುಗಳನ್ನು ಬೆರಳು ಮಡಚಿ ಎಣಿಸಿ ಕೈ ಮುಚ್ಚಿಬಿಟ್ಟಳು.

"ಅಡುಗೆಮನೆ ಲೈಟು?" ಎಂದು ಕೇಳಿದೆ.

"ಹಗಲೊತ್ತು ಯಾಕೆ ಲೈಟು? ರಾತ್ರಿಗೆ ಬೇಕಾದ್ರೆ ನಿಮ್ಮಪ್ಪ ಟಿವಿ ಹಾಕ್ಲಿ, ಅದರ ಬೆಳಕಲ್ಲಿ ಮುದ್ದೆ ತಿರುವ್ತೀನಿ."

ಜನವರಿ ಹತ್ತೊಂಬತ್ತಕ್ಕೆ ಮಂಚೇನಹಳ್ಳಿಗೆ ಹೋದೆ. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮನ ಮನೆ ಮೇಲೆ ಹಿಂದಿನ ವರ್ಷ ಸೋಲಾರ್ ಹಾಕಿಸಿದ್ದರು. ಅವರದ್ದೇ ನೋಡಿ ಬಂದು ಅದನ್ನೇ ತಂದರಾಯಿತು ಎಂದು ನನ್ನ ಅಂದಾಜು. ಚಿಕ್ಕಬಳ್ಳಾಪುರದಲ್ಲಿ ಗೌರಿಬಿದನೂರಿನ ಬಸ್ಸು ಹಿಡಿದು, ಹನ್ನೊಂದೂವರೆಗೆ ಅವರ ಮನೆ ತಲುಪಿ, ಚಪ್ಪಲಿ ಬಿಟ್ಟವಳೇ ಮಾಳಿಗೆ ಹತ್ತಿದೆ. ಎಂಟು ಪ್ಯಾನೆಲ್‌ಗಳು ನೀಲಿಯಾಗಿ ಹೊಳೆಯುತ್ತಿದ್ದವು. ಮೋಡದ ಒಂದು ಚೂರೂ ಇರಲಿಲ್ಲ. ನಾನು ನಂಬರ್ ಬರೆದುಕೊಳ್ಳುತ್ತಿದ್ದಾಗ ಕೆಳಗೆ ದೊಡ್ಡಮ್ಮನ ಮಿಕ್ಸಿ ಗುರ್ ಎನ್ನುತ್ತಾ ಇದ್ದದ್ದು ತಟ್ಟನೆ ನಿಂತಿತು. ಕೆಳಗಿಳಿದು ನೋಡಿದರೆ ಹಿತಕಿದ ಬೇಳೆಯ ಸಾರಿಗೆ ರುಬ್ಬುತ್ತಿದ್ದ ಮಸಾಲೆ ಅರ್ಧಕ್ಕೇ ನಿಂತಿದೆ, ಫ್ಯಾನೂ ನಿಂತಿದೆ.

"ಏನಾಯ್ತು ದೊಡ್ಡಮ್ಮ?"

"ಕರೆಂಟೋಯ್ತು."

"ಮೇಲೆ ಅಷ್ಟೊಂದು ಬಿಸಿಲೈತೆ, ಸೋಲಾರ್ ಐತಲ್ಲ?"

"ಅದೂ ಹೋಗ್ತೈತೆ ಕಣಮ್ಮ. ಕರೆಂಟಿದ್ರೆ ಇದೂ ಇರ್ತೈತೆ, ಕರೆಂಟೋದ್ರೆ ಇದೂ ಹೋಗ್ತೈತೆ. ಗಂಡ ಹೆಂಡ್ತಿ ತರ." ಒಳಗಿನಿಂದ ದೊಡ್ಡಪ್ಪ ನಕ್ಕ ಸದ್ದು ಕೇಳಿತು. ದೊಡ್ಡಮ್ಮ ಒರಳುಕಲ್ಲಿನ ಕಡೆ ಹೊರಟಳು.

ದೊಡ್ಡಪ್ಪ ಹೊರಗೆ ಬಂದು ಸಮಾಧಾನವಾಗಿ ವಿವರಿಸಿದರು. ಅವರದ್ದು ಲೈನಿಗೆ ಸೇರಿಸಿದ ಬಗೆ, ಬ್ಯಾಟರಿ ಇಲ್ಲ. ಹಗಲು ಹೆಚ್ಚಾದ ಕರೆಂಟು ಲೈನಿಗೆ ಹೋಗುತ್ತದೆ, ಬಿಲ್ಲು ಇಳಿಯುತ್ತದೆ. ಆದರೆ ಲೈನ್ ಸತ್ತರೆ ಇನ್ವರ್ಟರ್ ತಾನಾಗಿ ನಿಲ್ಲಬೇಕು. "ಲೈನ್‌ಮನ್ ಪಾಪ ಕಂಬ ಹತ್ತಿರ್ತಾನೆ. ಕರೆಂಟಿಲ್ಲ ಅಂತ ತಂತಿ ಮುಟ್ತಾನೆ. ನಮ್ಮ ಮಾಳಿಗೆ ಕರೆಂಟು ಹೋಗಿ ಅವನಿಗೆ ಹೊಡೆದ್ರೆ ಏನ್ ಗತಿ? ಬಿಲ್ಲು ಉಳಿಸೋಕೆ ಇದು ಚೆನ್ನಾಗೈತೆ. ನಿಮ್ಮಮ್ಮನ ಹುಳ ಉಳಿಸೋಕಲ್ಲ."

ಊಟ ಮಾಡುವಾಗಲೂ ನನ್ನ ಗಮನವೆಲ್ಲ ನೋಟ್‌ಬುಕ್ಕಿನಲ್ಲೇ. ಇದನ್ನೇ ತಂದು ಹಾಕಿಸಿದ್ದರೆ? ಮಾರ್ಚಿನ ನಡುಹಗಲು, ಮಾಳಿಗೆಯ ಮೇಲೆ ಸುಡುಬಿಸಿಲು, ಕೆಳಗೆ ಅಮ್ಮ ನಿಂತುಹೋದ ಯಂತ್ರದ ಮುಂದೆ ತೇವಕ್ಕೆಂದು ಗೋಣಿಚೀಲ ನೆನೆಸುತ್ತಾ ಕೂತಿರುತ್ತಿದ್ದಳು. ವಾಪಸ್ ಬರುವಾಗ ಬಸ್ಸಿನ ಕುಲುಕಾಟದಲ್ಲೇ ಬರೆದೆ: "ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಮಾತ್ರ. ಲೈನಿನಿಂದ ತಾನೇ ಬಿಡಿಸಿಕೊಂಡು ಮನೆಯನ್ನು ಮಾತ್ರ ನಡೆಸಬೇಕು. ಉಳಿದ ದಿನ: ೪೦." ಅಡಿಗೆ ಎರಡು ಗೆರೆ ಎಳೆದೆ.

ಮುಂದಿನ ಭಾನುವಾರ ಮಾಳಿಗೆಯ ಮೇಲೆ ನೆರಳು ಹಿಡಿಯುವ ಕೆಲಸ. ವಾಸ್ತು ನೋಡಿ ಕಟ್ಟಿದ ನಮ್ಮ ಕಡೆಯ ಎಲ್ಲ ಮನೆಗಳಂತೆ ನಮ್ಮ ಮನೆಯ ನೀರಿನ ಟ್ಯಾಂಕೂ ನೈಋತ್ಯದಲ್ಲಿದೆ. ಆ ಮೂಲೆ ಎತ್ತರವಾಗಿ, ಭಾರವಾಗಿ ಇರಬೇಕೆಂದು ತಾತ ಅದನ್ನು ಎಂಟು ಅಡಿ ಕಂಬದ ಮೇಲೆ ಕೂರಿಸಿದ್ದರು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಮೇಲೆ ಹೋಗಿ ಟ್ಯಾಂಕಿನ ನೆರಳಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಗಂಟೆ ಬರೆದೆ. ಹತ್ತು ಸಲ ಹತ್ತಿ ಇಳಿದೆ. ಮೂರು ಗಂಟೆಯ ನೆರಳು ಮಾಳಿಗೆಯ ನಡುಮಧ್ಯಕ್ಕೆ, ನಾನು ಪ್ಯಾನೆಲ್ ಇಡಬೇಕೆಂದುಕೊಂಡಿದ್ದ ಜಾಗಕ್ಕೇ ಬಂದು ಮಲಗಿತು. ನಾಲ್ಕಕ್ಕೆ ಈಶಾನ್ಯದ ಕಡೆಗೆ ಕೈ ಚಾಚಿತು. ಐದಕ್ಕೆ ಅಪ್ಪ ಕಾಫಿ ಲೋಟ ಹಿಡಿದು ಮೇಲೆ ಬಂದಾಗ ಮಾಳಿಗೆ ತುಂಬ ಬಿಳಿ ಚೌಕಗಳಿದ್ದವು. ಆಗ್ನೇಯ ಮೂಲೆಯೊಂದೇ ದಿನವಿಡೀ ಬರಿದಾಗಿ ಉಳಿದಿತ್ತು.

"ಆಗ್ನೇಯನಾ? ಅದು ಅಗ್ನಿ ಮೂಲೆ ಅಲ್ವೇನಮ್ಮ, ಕರೆಂಟು ಅಲ್ಲೇ ಇರ್ಬೇಕಾದ್ದು" ಎಂದು ಅಪ್ಪನಿಗೆ ಮಹಾ ಸಂತೋಷವಾಯಿತು. ನನ್ನ ಹತ್ತು ಸಲದ ಹತ್ತಾಟವನ್ನು ವಾಸ್ತು ಎರಡು ಮಾತಿನಲ್ಲಿ ಮುಗಿಸಿತು. ಆ ವಾಸ್ತುವೇ ಟ್ಯಾಂಕನ್ನೂ ಅಲ್ಲಿ ನಿಲ್ಲಿಸಿದ್ದು ಎಂದು ನಾನು ನೆನಪಿಸಲಿಲ್ಲ. ಟೇಪು ಹಿಡಿದು ಅಳೆದೆ. ಆರು ಪ್ಯಾನೆಲ್‌ಗೆ ಸರಿಯಾಗಿ ಜಾಗವಿತ್ತು.

ಫೆಬ್ರವರಿ ಎಂಟಕ್ಕೆ ಮೂವರೂ ಚಿಂತಾಮಣಿಯ ಅಂಗಡಿಗೆ ಹೋದೆವು. ಅಂಗಡಿಯವರು ಐವತ್ತರ ಆಸುಪಾಸಿನವರು. ಒಳಗೆ ಕಾಲಿಡುತ್ತಲೇ "ಕೂರ್ಚೋಂಡಮ್ಮ, ಕೂತ್ಕೊಳ್ಳಿ" ಎಂದು ತೆಲುಗು, ಕನ್ನಡ ಎರಡೂ ಭಾಷೆಯಲ್ಲಿ ಕುರ್ಚಿ ತೋರಿಸಿದರು. ನಾನು ನೋಟ್‌ಬುಕ್ ಬಿಚ್ಚಿ ಹೀಟರ್, ಮಂಜು ಯಂತ್ರ, ಫ್ಯಾನು, ಬಲ್ಬು ಒಟ್ಟಿಗೆ ಓಡಿದರೆ ಎಷ್ಟು, ಮೂರು ಗಂಟೆ ಓಡಲು ಎಷ್ಟು ಬೇಕು ಎಂದು ಓದಿ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

"ಏಮ್ಮಾ, ನೀನೇ ಅಂಗಡಿ ಇಡಬಹುದಲ್ಲ. ಜನ ಬಂದು ಒಂದು ಸೋಲಾರ್ ಕೊಡಿ ಅಂತಾರೆ, ಒಂದು ಸೋಪು ಕೊಡಿ ಅನ್ನೋ ಹಂಗೆ."

ಮೂರು ಕಿಲೋವ್ಯಾಟ್‌ನ ಹೈಬ್ರಿಡ್ ಇನ್ವರ್ಟರ್ ಸಾಕೆಂದು ಅವರೂ ಒಪ್ಪಿದರು. ಪ್ಯಾನೆಲ್ ಒಂದನ್ನು ಬೀದಿಯ ಬಿಸಿಲಿಗೆ ತಂದು ಗೋಡೆಗೆ ಒರಗಿಸಿ ಮೀಟರ್ ಸಿಕ್ಕಿಸಿದರು. ಅಂಕಿ ಸರಸರ ಏರಿತು. ನಾನು ದುಪಟ್ಟಾದ ತುದಿಯನ್ನು ಕೆಳಗಿನ ಅಂಚಿನ ಮೇಲೆ ಹರಡಿದೆ. ಮುಚ್ಚಿದ್ದು ಒಂದು ಗೇಣು, ಅಂಕಿ ಮಾತ್ರ ಅರ್ಧಕ್ಕಿಂತ ಕೆಳಗೆ ಬಿತ್ತು. ದುಪಟ್ಟಾ ಎತ್ತಿದೆ, ಏರಿತು. ಮತ್ತೆ ಹರಡಿದೆ. ಅಪ್ಪ "ಸಾಕು ಬಾಮ್ಮ, ಬೀದಿ ಜನ ನೋಡ್ತಾವ್ರೆ" ಅನ್ನುವ ತನಕ ಬಿಡಲಿಲ್ಲ. ಮಾಳಿಗೆಯ ಮೇಲಿನ ಮೂರು ಗಂಟೆಯ ಚೌಕ ನನ್ನ ಕಣ್ಣ ಮುಂದಿತ್ತು.

ಒಳಗೆ ಬಂದರೆ ಅಮ್ಮ ಸಾಲಾಗಿಟ್ಟ ಬ್ಯಾಟರಿಗಳ ಮುಂದೆ ಬಗ್ಗಿ ಒಂದೊಂದನ್ನೇ ಮೂಸುತ್ತಿದ್ದಳು. ನೀರು ಹಾಕುವ ಉದ್ದನೆಯ ಬ್ಯಾಟರಿಯ ಹತ್ತಿರ ಮೂಗು ಸಿಂಡರಿಸಿ ಹಿಂದೆ ಸರಿದಳು.

"ಏನಮ್ಮ ಇದು, ಸಾರಿನಪುಡಿ ತಗೊಳ್ಳೋರ ಹಂಗೆ ಮೂಸಿ ನೋಡ್ತೀರಲ್ಲ" ಎಂದರು ಅಂಗಡಿಯವರು.

"ಇದು ಹುಳಿ ಹುಳಿ ವಾಸ್ನೆ ಬರ್ತೈತಪ್ಪ. ನಮ್ಮನೇಲಿ ಹುಳ ಇದ್ದಾಗ ಊದುಬತ್ತಿನೂ ಹಚ್ಚಲ್ಲ. ಬೀಡಿ ಸೇದ್ಕೊಂಡು ಬಂದೋರನ್ನ ಬಾಗಿಲಿಂದಾಚೆಗೇ ನಿಲ್ಲಿಸಿ ಮಾತಾಡಿಸ್ತೀನಿ."

"ಅದು ಚಾರ್ಜ್ ಆಗೋವಾಗ ಆವಿ ಬಿಡ್ತೈತಮ್ಮ, ಆಸಿಡ್ದು. ಮನುಷ್ಯರಿಗೆ ಅಷ್ಟೇನೂ ಆಗಲ್ಲ."

"ಮನುಷ್ಯರ ಮಾತು ಬಿಡಿ. ನಮ್ಮ ಹುಳ ನಿಮ್ಮಷ್ಟು ಗಟ್ಟಿ ಅಲ್ಲ."

ಅವರು ನಗುತ್ತಾ ಗೋಡೆಗೆ ತೂಗುಹಾಕಬಹುದಾದ ಲಿಥಿಯಂ ಬ್ಯಾಟರಿ ತೋರಿಸಿದರು. ಅಮ್ಮ ಅದನ್ನೂ ಮೂಸಿದಳು. ಎರಡು ಸಲ ಮೂಸಿ ತಲೆಯಾಡಿಸಿದಳು. ಅದರ ಬಾಳಿಕೆ, ಅದರ ಗ್ಯಾರಂಟಿ ಎಂದು ಮೂರು ಪುಟ ಬರೆದುಕೊಂಡು ಬಂದಿದ್ದ ನಾನು ನೋಟ್‌ಬುಕ್ ಮುಚ್ಚಿದೆ. ನನ್ನ ಮೂರು ಪುಟದ ಉತ್ತರವೂ ಅದೇ ಬ್ಯಾಟರಿಯಾಗಿತ್ತು.

ಫೆಬ್ರವರಿ ಇಪ್ಪತ್ತನಾಲ್ಕರಂದು ರಜೆ ಹಾಕಿದೆ. ಚಿಂತಾಮಣಿಯಿಂದ ಗೂಡ್ಸ್ ಆಟೋದಲ್ಲಿ ಆರು ಪ್ಯಾನೆಲ್, ಕಬ್ಬಿಣದ ಸ್ಟ್ಯಾಂಡು, ಇಬ್ಬರು ಕೆಲಸದವರು ಬಂದರು. ನನ್ನ ನಕ್ಷೆ ಕೈಗೆ ಕೊಟ್ಟೆ. ಇನ್ವರ್ಟರ್, ಬ್ಯಾಟರಿ ಎಲ್ಲಿ ಎಂದು ಕೇಳಿದಾಗ ಚಾಕಿ ಕೋಣೆಯ ಮುಂಗೋಣೆಯ ಗೋಡೆ ತೋರಿಸಿದೆ. ಕೈಕಾಲು ತೊಳೆದು, ಸೊಪ್ಪು ಹೆಚ್ಚಿ ಒಳಗೆ ಒಯ್ಯುವ ಚಿಕ್ಕ ಜಾಗ ಅದು. ಓಡಬೇಕಾದ ಯಂತ್ರಗಳಿಗೆ ಅದೇ ಹತ್ತಿರ, ವೈರು ಕಡಿಮೆ, ನಷ್ಟ ಕಡಿಮೆ. ಲೆಕ್ಕದ ಪ್ರಕಾರ ಅದೇ ಸರಿ. ಹನ್ನೊಂದರ ಹೊತ್ತಿಗೆ ಇನ್ವರ್ಟರ್ ಗೋಡೆ ಮೇಲೆ ಕೂತಿತ್ತು. ನಾನು ಅದರ ಪುಟ್ಟ ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಿಯುತ್ತಿದ್ದೆ.

ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟಿ ಬಂದ ಅಮ್ಮ ಕೆಸರು ಕಾಲಲ್ಲೇ ಬಾಗಿಲಲ್ಲಿ ನಿಂತಳು.

"ಇದನ್ನ ಯಾರು ಇಲ್ಲಿ ಹಾಕ್ಸಿದ್ದು?"

"ನಾನೇ. ಇಲ್ಲಿಂದ ಎಲ್ಲಾ ಹತ್ತಿರ."

"ನಾಳೆ ಏನು ಅಂತ ಗೊತ್ತಾ ನಿನಗೆ?"

ಗೊತ್ತಿತ್ತು. ಮಂಗಳವಾರ. ಅಷ್ಟೇ ಹೊಳೆದದ್ದು.

"ಬ್ಲೀಚಿಂಗು ಕಣೇ. ಈ ಗೋಡೆ, ಆ ಗೋಡೆ, ಸೂರು, ಬಾಗಿಲು ಎಲ್ಲಾ ನೆನೆಯೋ ಹಂಗೆ ಹೊಡೀತೀನಿ. ಆ ಹೋಲ್ಡರ್ ನೋಡು."

ಬಲ್ಬಿನ ಹಿತ್ತಾಳೆ ಹೋಲ್ಡರ್ ಹಸಿರುಗಟ್ಟಿ ತೂತುಬಿದ್ದಿತ್ತು. ಬಾಗಿಲಿನ ತಿರುಗಣಿ ತುಕ್ಕು ಹಿಡಿದು ಎಲೆಎಲೆಯಾಗಿತ್ತು. ರೋಗ ಬಾರದಂತೆ ಪ್ರತಿ ಬ್ಯಾಚಿಗೂ ಮೊದಲು ಬ್ಲೀಚಿಂಗ್ ಪುಡಿಯ ನೀರು ಹೊಡೆದು ಕೋಣೆ ಮುಚ್ಚುತ್ತಾರೆ. ಆಮೇಲೆ ತಟ್ಟೆಗಳಿಗೆ ಸುಣ್ಣದ ಪುಡಿ ಉದುರಿಸುತ್ತಾರೆ. ಆ ಗಾಳಿಯಲ್ಲಿ ಯಾವ ಲೋಹವೂ ಹೆಚ್ಚು ದಿನ ಬಾಳುವುದಿಲ್ಲ. ಇನ್ವರ್ಟರಿನ ಹೊಟ್ಟೆಯಲ್ಲಿ ಗಾಳಿ ಎಳೆಯುವ ಫ್ಯಾನೇ ಇದೆ. ಹಳೆಯ ಡೈರಿ ತಂದು ತಿರುವಿದೆ. ಹಿಂದಿನ ವರ್ಷದ ಪುಟಗಳಲ್ಲಿ ಕೆಂಪು ಶಾಯಿಯಲ್ಲಿ "ಬ್ಲೀಚಿಂಗ್" ಎಂದು ನಾನೇ ಒಂಬತ್ತು ಕಡೆ ಬರೆದಿದ್ದೆ. ಕರೆಂಟಿನ ಒಂದೊಂದು ನಿಮಿಷ ಕೂಡಿಸಿದವಳು ಇದನ್ನು ಅದರ ಪಕ್ಕದಲ್ಲಿಟ್ಟು ನೋಡಿರಲಿಲ್ಲ.

ಉಳಿದದ್ದು ನಾಲ್ಕು ದಿನ. ಕೆಲಸದವರಲ್ಲಿ ಹಿರಿಯವರು ಬಿಚ್ಚಬೇಕಾ ಎಂದು ಮುಖ ಸಣ್ಣದು ಮಾಡಿದರು. ನಡುಮನೆಯ ಉತ್ತರದ ಗೋಡೆ ಒಂದೇ ಆ ಗಾಳಿ ತಾಗದ ಜಾಗ. ಅಲ್ಲಿ ಅಪ್ಪನ ಕುರ್ಚಿ ಇತ್ತು.

"ಅಲ್ಲಿ ನನ್ನ ಕುರ್ಚಿ ಐತೆ. ಫ್ಯಾನಿನ ಗಾಳಿ ಅಲ್ಲೊಂದೇ ಕಡೆ ಸರಿಯಾಗಿ ಬೀಳೋದು" ಎಂದರು ಶಾಲೆಯಿಂದ ಊಟಕ್ಕೆ ಬಂದಿದ್ದ ಅಪ್ಪ.

"ಕುರ್ಚಿ ಏನು ಮೇವು ತಿನ್ನಲ್ಲ ಬಿಡ್ರಿ. ಎಲ್ಲಿಟ್ರೂ ಇರ್ತೈತೆ" ಎಂದಳು ಅಮ್ಮ.

ಅಪ್ಪ ಕುರ್ಚಿ ಎತ್ತಿಕೊಂಡು ಬೇರೆ ಜಾಗ ಹುಡುಕುತ್ತಾ ಮನೆಯೆಲ್ಲ ತಿರುಗಿದರು. ಮೂವತ್ತು ಅಡಿ ವೈರು ಕಡಿಮೆ ಬಿತ್ತು. ಅದನ್ನು ಶಿಡ್ಲಘಟ್ಟದಿಂದ ತಂದು ಎಳೆದು ಮುಗಿಸುವಷ್ಟರಲ್ಲಿ ಮರುದಿನ ಮಧ್ಯಾಹ್ನ ಮೂರು ಗಂಟೆಯಾಯಿತು. ಬ್ಲೀಚಿಂಗ್ ಬುಧವಾರಕ್ಕೆ ಹೋಯಿತು, ನನ್ನ ರಜೆ ಇನ್ನೊಂದು ದಿನ ಬೆಳೆಯಿತು.

ಮೂರು ಹತ್ತಕ್ಕೆ ಕೆಲಸದವರು "ಅಮ್ಮ, ಮೇನ್ ಆಫ್ ಮಾಡಿ ನೋಡಿ" ಎಂದು ಅಮ್ಮನಿಗೇ ಹೇಳಿದರು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಸ್ವಿಚ್ ಕೆಳಗೆಳೆದಳು. ಅಡುಗೆಮನೆಯ ಫ್ರಿಜ್ ಸುಮ್ಮನಾಯಿತು. ಚಾಕಿ ಕೋಣೆಯ ಬಲ್ಬು ಒಮ್ಮೆ ಕಣ್ಣು ಮಿಟುಕಿಸಿ ಉರಿಯುತ್ತಲೇ ಇತ್ತು, ಮಂಜು ಯಂತ್ರ ಬುಸ್ ಎನ್ನುತ್ತಲೇ ಇತ್ತು. ಅಮ್ಮ ಮೇಲೆತ್ತಿದಳು, ಮತ್ತೆ ಕೆಳಗೆಳೆದಳು. ಒಟ್ಟು ಏಳು ಸಲ. ಹಿರಿಯ ಕೆಲಸದವರು "ಸ್ವಿಚ್ಚು ಸವೆದೋಗ್ತೈತಮ್ಮ" ಅಂದರು. ನನಗೆ ಕುಣಿಯಬೇಕೆನಿಸಿ ಮಾಳಿಗೆಗೆ ಓಡಿದೆ. ಆಗ್ನೇಯದಲ್ಲಿ ಆರೂ ಪ್ಯಾನೆಲ್ ಬಿಸಿಲಿನಲ್ಲಿದ್ದವು. ಟ್ಯಾಂಕಿನ ನೆರಳು ಅವುಗಳಿಂದ ನಾಲ್ಕು ಮಾರು ದೂರದಲ್ಲಿತ್ತು.

ಮೊಟ್ಟೆ ಇಪ್ಪತ್ತೆಂಟಕ್ಕೆ ಬಂತು. ಮಾರ್ಚ್ ಐದರಂದು ಮೊಟ್ಟೆಗೆ ನೀಲಿ ಬಣ್ಣ ತಿರುಗಿತು. ಎಲ್ಲವೂ ಒಟ್ಟಿಗೆ ಒಡೆಯಲೆಂದು ಅಮ್ಮ ಎರಡು ದಿನ ಕಪ್ಪು ಕಾಗದದಲ್ಲಿ ಮುಚ್ಚಿಟ್ಟಳು. ಏಳರ ಬೆಳಿಗ್ಗೆ ಆರಕ್ಕೆ ಕಾಗದ ಬಿಚ್ಚಿ ಬೆಳಕಿಗೆ ಇಟ್ಟಳು. ಎಂಟೂವರೆಗೆ ಹಾಳೆಯ ಮೇಲೆಲ್ಲ ಸೂಜಿಮೊನೆಯಷ್ಟು ಕಪ್ಪು ಮರಿಗಳು ಹರಿದಾಡುತ್ತಿದ್ದವು. ಅಂದು ನಾನೂ ರಜೆ ಹಾಕಿದ್ದೆ, ಇಬ್ಬರೂ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಿದೆವು. ಒಂಬತ್ತು ಹನ್ನೆರಡಕ್ಕೆ ಬೀದಿಯ ಹಿಟ್ಟಿನ ಗಿರಣಿಯ ಸದ್ದು ನಿಂತಿತು.

ನಾವಿಬ್ಬರೂ ತಲೆ ಎತ್ತಿದೆವು. ಬಲ್ಬು ಉರಿಯುತ್ತಿತ್ತು. ಯಂತ್ರದ ಬಾಯಿಂದ ಮಂಜು ಬರುತ್ತಿತ್ತು. ಅಮ್ಮ ಗೋಡೆಯ ತೇವ ಮಾಪಕ ನೋಡಿದಳು, ಎಂಬತ್ತಾರು. ಐದು ನಿಮಿಷ ಬಿಟ್ಟು ಮತ್ತೆ ನೋಡಿದಳು, ಎಂಬತ್ತಾರೇ. ನಾನು ನಡುಮನೆಗೂ ಕೋಣೆಗೂ ಓಡಾಡಿ ಬ್ಯಾಟರಿ ಎಷ್ಟಿದೆ, ಪ್ಯಾನೆಲ್‌ನಿಂದ ಎಷ್ಟು ಬರುತ್ತಿದೆ ಎಂದು ಕೂಗಿ ಹೇಳುತ್ತಿದ್ದೆ. ಯಂತ್ರಗಳು ತಿಂದು ಉಳಿದದ್ದು ಬ್ಯಾಟರಿಗೇ ಹೋಗುತ್ತಿತ್ತು. ಹೊರಗೆ ಕರೆಂಟಿಲ್ಲ, ನಮ್ಮ ಬ್ಯಾಟರಿ ತುಂಬುತ್ತಿದೆ! ಮೂರನೇ ಸಲ ಕೂಗಿದಾಗ ಅಮ್ಮ, "ಕಿರುಚಬೇಡ, ಮರಿ ಹೆದರ್ತಾವೆ" ಅಂದಳು. ರೇಷ್ಮೆ ಮರಿಗೆ ಕಿವಿ ಇಲ್ಲ ಎಂದು ಅವಳಿಗೂ ಗೊತ್ತು. ಕರೆಂಟ್ ಹನ್ನೊಂದು ಮೂವತ್ತೈದಕ್ಕೆ ಬಂತು.

ಆ ಎಂಟು ದಿನಗಳಲ್ಲಿ ಹದಿಮೂರು ಸಲ ಕರೆಂಟ್ ಹೋಯಿತು. ಹದಿನೈದನೇ ತಾರೀಕು ಬೆಳಿಗ್ಗೆ ಮರಿಗಳೆಲ್ಲ ಎರಡನೇ ಜ್ವರದಿಂದ ಒಟ್ಟಿಗೆ ಎದ್ದವು. ಅಮ್ಮ ಒಂದೊಂದು ತಟ್ಟೆಯನ್ನೂ ಬೆಳಕಿಗೆ ವಾಲಿಸಿ ನೋಡಿದಳು. ಎಲ್ಲ ಒಂದೇ ಅಳತೆ. ತಗೊಂಡು ಹೋಗಲು ಬಂದ ಆರು ಮನೆಯವರೂ ಹಾಗೇ ವಾಲಿಸಿ ನೋಡಿದರು. ಒಬ್ಬ ಅಜ್ಜಿ ತನ್ನ ತಟ್ಟೆಗೆ ಒದ್ದೆ ಬಟ್ಟೆ ಹೊದಿಸುತ್ತಾ, "ಬಿತ್ತಿದ ರಾಗಿ ಎದ್ದಂಗೆ ಎದ್ದವೆ ಕಣಮ್ಮ" ಅಂದಳು.

ಅವರೆಲ್ಲ ಹೋದಮೇಲೆ ಅಮ್ಮ ಖಾಲಿ ಕೋಣೆಗೆ ಹೋದಳು. ಬೀಗ ಬಾಗಿಲಿಗೆ ತೂಗುತ್ತಿತ್ತು. ಅವಳು ಅದರ ಕಡೆ ನೋಡಲಿಲ್ಲ. ಪಡುವಣ ಗೋಡೆಗೆ ಬೆನ್ನು ಕೊಟ್ಟು ನಿಂತು ಎರಡೂ ಕೈ ಚಾಚಿದಳು.

"ಇಲ್ಲಿ ತಟ್ಟೆ ಇಡೋಕೆ ಇನ್ನೊಂದು ಸ್ಟ್ಯಾಂಡು ಹಿಡಿಸ್ತೈತಾ? ಟೇಪು ತಗೊಂಬಾ, ಅಳತೆ ನೋಡು."

ನಾನು ಅಳೆದೆ. ಐದೂವರೆ ಅಡಿ ಅಗಲ, ಆರು ಅಡಿ ಎತ್ತರ. ಹಿಡಿಸುತ್ತಿತ್ತು.

"ಹಂಗಾದ್ರೆ ಏಪ್ರಿಲ್ ಬ್ಯಾಚಿಗೆ ಮೊಟ್ಟೆ ಜಾಸ್ತಿ ಬರೆಸು" ಎಂದು ಅಮ್ಮ ಪೊರಕೆ ಹಿಡಿದಳು.